ಮುಟ್ಟಿ ಬಾ

ನನ್ನ ಈಜುಗಾರರು ವಿಶ್ವವಿದ್ಯಾಲಯದ ಪಂದ್ಯಗಳಿಂದ ಪದಕ ತಂದಾಗಲೆಲ್ಲ ಕಲಘಟಗಿಯ ನಮ್ಮ ಕಾಲೇಜಿನಲ್ಲಿ ನನ್ನ ಕೊರಳಿಗೂ ಒಂದು ಹಾರ ಬೀಳುತ್ತದೆ. ಪ್ರಾಚಾರ್ಯರು ಭಾಷಣದಲ್ಲಿ ನನ್ನ ಶಿಸ್ತನ್ನು ಹೊಗಳುತ್ತಾರೆ. ಎಲ್ಲಿಯ ಶಿಸ್ತು, ಮಣ್ಣು! ಮಕ್ಕಳು ನೀರಿಗಿಳಿದ ಕ್ಷಣದಿಂದ ನನ್ನ ಎದೆ ಪುಕುಪುಕು ಅನ್ನುತ್ತದೆ. ಅದಕ್ಕೇ ಗಳಿಗೆಗೊಮ್ಮೆ ತಲೆ ಎಣಿಸುತ್ತೇನೆ, ಅದಕ್ಕೇ ಬೈಯುತ್ತೇನೆ.

ಈಜುಕೊಳ ನಮಗಿಲ್ಲ. ಮಿಶ್ರಿಕೋಟಿ ಕಡೆಯ ಕೆರೆಯೊಂದರಲ್ಲಿ ಹಗ್ಗ ಎಳೆದು, ಆಚೆ ತುದಿಗೆ ಖಾಲಿ ಡ್ರಮ್ಮು ತೇಲಿಬಿಟ್ಟು ಅಭ್ಯಾಸ ಮಾಡಿಸುತ್ತೇನೆ. ಹೋದವರು ಡ್ರಮ್ಮು ಮುಟ್ಟಿ ತಿರುಗಿ ಬರಬೇಕು. ನಾನು ದಂಡೆಯ ಮೇಲೆ ನಿಂತು "ಮುಟ್ಟಿ ಬಾ!" ಎಂದು ಕೂಗುತ್ತೇನೆ. ವರ್ಷಗಟ್ಟಲೆ ಕೂಗಿದ ಮಾತು.

ಕೆಲವು ವರ್ಷಗಳ ಹಿಂದೆ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ತಂಡ ಸೇರಲು ಬಂದಳು. ಹೊಲದ ಬಾವಿಯಲ್ಲಿ ಈಸು ಕಲಿತವಳು. ಜೊತೆಗೆ ಅದೇ ಊರಿನ ಗೆಳತಿ. ಹೇಗೆ ಈಜುತ್ತಾಳೋ ನೋಡೋಣವೆಂದು ಆ ಬೆಳಿಗ್ಗೆ ಈ ಹುಡುಗಿಯನ್ನಷ್ಟೇ ನೀರಿಗಿಳಿಸಿದೆ. ಅಬ್ಬಾ, ಏನು ಈಜು! ಖುಷಿಯಲ್ಲಿ "ಮುಟ್ಟಿ ಬಾ!" ಎಂದು ಕೂಗಿದೆ. ನಡುನೀರಿನಲ್ಲಿ ಅವಳು ತಲೆ ತಗ್ಗಿಸಿದಳು, ಕಾಲು ಮೇಲೆದ್ದವು, ಮುಳುಗಿದಳು.

ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ.

"ಎಲ್ಲಿ ಹೋದ್ಲ ಬೇ ಆಕಿ?" ಎಂದು ಗೆಳತಿಯನ್ನು ಕೇಳಿದೆ.

"ತಳಾ ಮುಟ್ಟಾಕ ಹೋಗ್ಯಾಳ್ರಿ. ರಾಡಿ ಹಿಡ್ಕೊಂಡ ಬರ್ತಾಳ. ನೀವ ಮುಟ್ಟಿ ಬಾ ಅಂದ್ರೆಲ್ರಿ," ಎಂದಳು ಅವಳು ಆರಾಮಾಗಿ. ಬಾವಿಯಲ್ಲಿ ಈಸುವವರ ಪಂತವದು. ತಳದ ಕೆಸರನ್ನು ಮುಷ್ಟಿಯಲ್ಲಿ ತಂದು ತೋರಿಸಿದರೇ ಮುಟ್ಟಿದಂತೆ. ಡ್ರಮ್ಮಿನ ಮಾತನ್ನು ನಾನು ಹೇಳೇ ಇರಲಿಲ್ಲ.

ಆ ಕೆರೆಯ ತಳ ಬಾವಿಯ ತಳವಲ್ಲ. ಜೆಸಿಬಿ ಹೂಳೆತ್ತಿ ಬಿಟ್ಟುಹೋದ ಗುಂಡಿಗಳು, ತೊಡೆಮಟ್ಟ ಹೂತುಕೊಳ್ಳುವ ಕೆಸರು. ನನಗೆ ಗೊತ್ತಿತ್ತು, ಅವರಿಗೆ ಹೇಳಿರಲಿಲ್ಲ. ಹಾರು, ಹಾರು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಕಾಲು ಕೇಳಲಿಲ್ಲ. ನಾನೂ ಆ ಕೆಸರಲ್ಲಿ ಸಿಕ್ಕಿ ಸತ್ತರೆ ಎಂಬುದೊಂದೇ ತಲೆಯಲ್ಲಿತ್ತು. ಸುಳ್ಳೇಕೆ ಹೇಳಲಿ, ಹುಡುಗಿಯ ನೆನಪೂ ಆಗ ನನಗಿರಲಿಲ್ಲ.

ನನ್ನ ಮುಖ ನೋಡಿ ಗೆಳತಿಗೂ ಗಾಬರಿಯಾಯಿತು. "ಸರ್ರ, ಜಿಗೀರಿ! ಜಿಗೀರಿ!" ಎಂದು ಚೀರಿದಳು. ನಾನು ಕದಲದ್ದು ಕಂಡು ಚೂಡಿದಾರದಲ್ಲೇ ಧುಮುಕಿದಳು. ಅವಳು ನಾಲ್ಕು ಕೈ ಹಾಕುವಷ್ಟರಲ್ಲಿ ಹುಡುಗಿ ಮೇಲೆ ಬಂದಳು. ಮೈಯೆಲ್ಲ ಕಪ್ಪು ಕೆಸರು. ಒಂದು ಮುಷ್ಟಿಯನ್ನು ಮೇಲೆತ್ತಿ ಹಿಡಿದಿದ್ದಳು.

"ಕಾಲ ಸಿಕ್ಕಿತ್ರಿ ಸರ್ರ, ಕಿತ್ಕೊಂಡ ಬಂದ್ನಿ," ಎಂದು ಕೆಮ್ಮಿದಳು.

ನಾಚಿಕೆಗೆಟ್ಟ ನನ್ನ ಬಾಯಿ ಆಗಲೂ ಸುಮ್ಮನಿರಲಿಲ್ಲ. "ತಳಾ ಮುಟ್ಟಂತ ಯಾರ ಹೇಳಿದ್ರ ಬೇ ನಿನಗ? ಬುದ್ಧಿ ಎಲ್ಲಿಟ್ಟಿದ್ದಿ?" ಎಂದು ಗದರಿದೆ. ಗೆಳತಿ ಹಸಿ ಬಟ್ಟೆಯಲ್ಲಿ ನಡುಗುತ್ತ ನನ್ನನ್ನೇ ನೋಡಿದಳು.

ಮರುದಿನ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಇಬ್ಬರೂ ಬಂದರು. ನೀರಿಗಿಳಿಯುವ ಮುನ್ನ ಹುಡುಗಿ ಗೆಳತಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅದರಲ್ಲಿ ಕೊಂಕಿರಲಿಲ್ಲ.

"ನಾ ಈಸುಮುಂದ ನೀ ದಂಡಿ ಬಿಟ್ಟ ಹೋಗಬ್ಯಾಡ. ಸರ್ರಿಗೆ ಅಂಜಿಕಿ ಐತಿ."