ಆನ್ ಬಿಹಾಫ್ ಆಫ್

ಇಂಗ್ಲಿಷ್ ಮೇಷ್ಟರ ಬಲಗೈ ತೋರುಬೆರಳು ನಡುಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ತರಗತಿಯಲ್ಲಿ ಅವರು ಒಬ್ಬನತ್ತ ಬೆರಳು ಮಾಡಿದರೆ ಪಕ್ಕದವನು ಎದ್ದು ನಿಲ್ಲುತ್ತಿದ್ದ. “ಕೂತ್ಕೊಳ್ಳಯ್ಯ. ಬೆರಳು ಸೊಟ್ಟ, ಪ್ರಶ್ನೆ ನೆಟ್ಟಗೇ ಇದೆ” ಎಂದು ತಾವೇ ನಗುತ್ತಿದ್ದರು.

ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲಬೇಕಾಗಿದ್ದ ಯುದ್ಧದ ವರ್ಷಗಳು ಅವು. ದೊಡ್ಡಬಳ್ಳಾಪುರ ಸೀಮೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಸಂಸ್ಕೃತ ಪಂಡಿತ. ಅವರು ಹತ್ತಿರದ ಮಧುರೆ ಎಂಬ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಜಗುಲಿಯಲ್ಲಿ ಕುಳಿತು ನನಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಗುರುದಕ್ಷಿಣೆಯೆಂದು ದಿನಕ್ಕೊಂದು ಸುಭಾಷಿತ ಕೇಳುತ್ತಿದ್ದರು. ನಮ್ಮ ವಿಭಕ್ತಿ ಪ್ರತ್ಯಯಗಳು ನಾಮಪದದ ಬೆನ್ನಿಗೆ ಅಂಟಿಕೊಂಡರೆ, ಆ ಭಾಷೆಯಲ್ಲಿ ಅದೇ ಕೆಲಸದ ಪುಟ್ಟ ಪದಗಳು ಮುಂದೆ ನಿಲ್ಲುತ್ತವೆಂಬುದನ್ನು ನಾನು ಅವರಿಂದ ತಿಳಿದೆ.

ಶಾಲಾ ಸಮಿತಿಯ ಅಧ್ಯಕ್ಷರು ತಮ್ಮ ಮನೆಯಲ್ಲಿ ಶುಭಕಾರ್ಯವಾದಾಗಲೆಲ್ಲ ಪಾಠ ನಿಲ್ಲಿಸಿ ಉಪಾಧ್ಯಾಯರನ್ನು ಬಡಿಸಲು ಕರೆಸುತ್ತಿದ್ದರು. ಅವರ ಮಗಳ ಮದುವೆ ಗೊತ್ತಾದಾಗ, ಇನ್ನು ಬರಲಾರೆವೆಂದು ಒಂದು ಅರ್ಜಿ ಬರೆದುಕೊಡಿರೆಂದು ಉಳಿದ ನಾಲ್ವರು ಉಪಾಧ್ಯಾಯರಾದ ನಾವು ಇಂಗ್ಲಿಷ್ ಮೇಷ್ಟರನ್ನು ಬೇಡಿಕೊಂಡೆವು. ಅವರು ಬರೆದು, ಕೊನೆಯಲ್ಲಿ ‘ಆನ್ ಬಿಹಾಫ್ ಆಫ್ ದಿ ಟೀಚರ್ಸ್’ ಎಂದು ತಾವೊಬ್ಬರೇ ರುಜು ಹಾಕಿದರು.

“ಹಾಗೆಂದರೆ?” ಎಂದೆ.

“ಪರವಾಗಿ ಅಂತ, ಪಂಡಿತ್ರೇ. ಬಾಯಿ ನಂದು, ಮಾತು ನಿಮ್ಮೆಲ್ಲರದು. ‘ಇನ್‌ಸ್ಟೆಡ್ ಆಫ್’ ಅಂದ್ಬಿಟ್ರೆ ಕಥೆ ಬೇರೆ. ಆಗ ನೀವಿಲ್ಲ, ನಿಮ್ಮ ಬದ್ಲು ನಾನೊಬ್ನೇ.”

ಮರುದಿನ ಅಧ್ಯಕ್ಷರು ಅರ್ಜಿ ಹಿಡಿದು ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿದರು. “ಯಾರ್ರೀ ಈ ಟೀಚರ್ಸು? ನೀವೇನ್ರೀ? ನೀವಾ?” ಮೂವರೂ ತಾವಲ್ಲವೆಂದು ತಲೆಯಲ್ಲಾಡಿಸಿದರು. ಸರದಿ ನನ್ನದಾಯಿತು.

“ಏನ್ ಪಂಡಿತ್ರೇ, ದಿನಾ ಜಗಲಿ ಮೇಲೆ ಇಂಗ್ಲಿಷ್ ಓದ್ತೀರಂತೆ! ಆನ್ ಬಿಹಾಫ್ ಆಫ್ ಅಂದ್ರೇನು, ಹೇಳಿ ನೋಡೋಣ.”

ಹಣೆಯ ಮೇಲೆ ಬೆಳಗಿನ ಸಂಧ್ಯಾವಂದನೆಯ ಗಂಧ ಇನ್ನೂ ಇತ್ತು. “ಗೊತ್ತಿಲ್ಲ ಸ್ವಾಮಿ. ಪಾಠ ಅಷ್ಟು ದೂರ ಬಂದಿಲ್ಲ” ಎಂದೆ.

ಮೇಷ್ಟರು ನನ್ನತ್ತ ನೋಡಲಿಲ್ಲ. “ಹೌದು, ಅವರಿಗೆ ಅದಿನ್ನೂ ಹೇಳ್ಕೊಟ್ಟಿಲ್ಲ” ಎಂದರು. ನನ್ನ ಸುಳ್ಳಿಗೂ ಅವರೇ ರುಜು ಹಾಕಿದರು.

ಆ ಸಂಜೆಯೇ ಅವರ ಕೆಲಸ ಹೋಯಿತು. ಸೈಕಲ್ಲು ತಳ್ಳಿಕೊಂಡು ಹೊರಟವರು ಗೇಟಿನ ಬಳಿ ನಿಂತು, “ವ್ಯಾಕರಣದ ತಪ್ಪು ನಂದೇ, ಪಂಡಿತ್ರೇ. ಇನ್‌ಸ್ಟೆಡ್ ಆಫ್ ಅಂತ ಬರೀಬೇಕಿತ್ತು. ಬರ್ತೀನಿ” ಎಂದರು. ಮುಂದಿನ ವಾರ ಮದುವೆಯಲ್ಲಿ ನಾವು ನಾಲ್ವರೂ ಬಡಿಸಿದೆವು. ನನ್ನ ಕೈಗೆ ಬಂದದ್ದು ತುಪ್ಪದ ಗಿಂಡಿ.

ಹೊಸಕೋಟೆಯ ಕಡೆ ಮನೆಪಾಠ ಹೇಳುತ್ತಿದ್ದ ಮೇಷ್ಟರು ಎರಡು ವರ್ಷದ ಬಳಿಕ ತೀರಿಕೊಂಡರೆಂದು ಕೇಳಿದೆ. ಅವರಿಗೆ ಮಕ್ಕಳಿರಲಿಲ್ಲ. ಪ್ರತಿ ಮಹಾಲಯದಲ್ಲಿ ಗುರುಸ್ಥಾನದಲ್ಲಿ ಅವರನ್ನು ನೆನೆದು ಎಳ್ಳುನೀರು ಬಿಡುತ್ತೇನೆ. ಮಂತ್ರ ಒಂದಕ್ಷರವೂ ತಪ್ಪುವುದಿಲ್ಲ. ಆದರೆ ಅವರಿಗೆ ನನ್ನಿಂದ ಬೇಕಾಗಿದ್ದದ್ದು ನೀರಲ್ಲ, ಒಂದು ಮಾತು, ಅದೂ ಬದುಕಿದ್ದಾಗ.