ಮನೆ ನೋಡಲು ಬಂದವರು

ಆ ದಿನಗಳಲ್ಲಿ ಭಾನುವಾರ ನಮ್ಮ ಮನೆಗೆ ಬರುತ್ತಿದ್ದವರು ನೆಂಟರಲ್ಲ, ಮನೆ ನೋಡುವವರು. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಗಿತ್ತು. ಎಂವಿಪಿ ಕಾಲೋನಿಯ ನಮ್ಮ ಫ್ಲ್ಯಾಟು ಮಾರಾಟವಾದ ಮೇಲೆ ಅಮ್ಮ, ನಾನು, ತಮ್ಮ ಹೋಗಿ ಸೇರಿಕೊಳ್ಳುವುದೆಂದು ಮಾತಾಗಿತ್ತು. ಬೇಸಿಗೆ ಬಂತು, ಮಾವಿನಹಣ್ಣು ಬಂದು ಮುಗಿಯುತ್ತ ಬಂತು. ಬಂದವರು ನೋಡಿ, ನೀರು ಕುಡಿದು, ಹೇಳಿ ಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಊರ ಹೊರಗೆ ಹೊಸ ಕಟ್ಟಡಗಳು ಏಳುತ್ತಿದ್ದವು, ಕೊಳ್ಳುವವರಿಗೆ ಅವಸರವಿರಲಿಲ್ಲ.

ಬ್ರೋಕರ್ ಅಪ್ಪಲರಾಜುಗಾರು ನಮಗೆ ಪಾಠ ಹೇಳಿದ್ದರು. ಎಲ್ಲ ಲೈಟು ಹಾಕಿ, ಒಲೆಯ ಮೇಲೆ ಏಲಕ್ಕಿ ಹಾಲು ಕಾಯುತ್ತಿರಲಿ, ಬೆಳ್ಳುಳ್ಳಿ ಒಗ್ಗರಣೆ ಬೇಡ. ಕೇರಂ ಬೋರ್ಡು ಮಂಚದ ಕೆಳಗೆ ಸೇರುತ್ತಿತ್ತು. ತಮ್ಮ ಸೆಲ್ಲಾರಿನಲ್ಲಿ ಸ್ಕೂಟರುಗಳ ನಡುವೆ ಕ್ರಿಕೆಟ್ ಆಡುತ್ತಿದ್ದ. ನನಗೆ ಆಟವಿರಲಿಲ್ಲ. ಧಾರವಾಡದ ಅಮ್ಮನಿಗೆ ತೆಲುಗು ಬರುತ್ತಿರಲಿಲ್ಲ. ಅವಳ ಮಾತು ಬಂದವರಿಗೆ, ಬಂದವರ ಮಾತು ಅವಳಿಗೆ ಮುಟ್ಟಿಸುವುದು ಐದನೇ ಕ್ಲಾಸಿನ ನನ್ನ ಕೆಲಸ.

ಒಂದು ಭಾನುವಾರ ಪರವಾಡದ ಔಷಧಿ ಕಂಪನಿಯವರೊಬ್ಬರು ಹೆಂಡತಿಯ ಜೊತೆ ಬಂದರು. ಆಕೆ ತುಂಬು ಬಸುರಿ. ಅಪ್ಪನೂ ಅಂದು ಮನೆಗೆ ಬಂದಿದ್ದರು. ಪಶ್ಚಿಮದ ಕೋಣೆಯ ಕಿಟಕಿಯ ಬಳಿ ನಿಂತು ಆಕೆ ಗಂಡನಿಗೆ, "ಉಯ್ಯಾಲ ಇಕ್ಕಡೇ ವೇದ್ದಾಂ," ಎಂದರು. ತೊಟ್ಟಿಲು ಇಲ್ಲೇ ಕಟ್ಟೋಣ ಅಂತಿದ್ದಾರೆ ಎಂದು ನಾನು ಅಮ್ಮನಿಗೆ ಹೇಳಿದೆ.

"ಇಲ್ಲಿ ಬ್ಯಾಡ ಅನ್ನು," ಎಂದಳು ಅಮ್ಮ. "ಮಧ್ಯಾಹ್ನ ಆದ್ರ ಈ ಖೋಲಿ ಬೆಂಕಿ ಆಗತೈತಿ. ಮತ್ತ ಬೋರಿನ ನೀರು ಉಪ್ಪ ಅದಾವು, ಕೂಸಿಗೆ ಎರಿಯಾಕ ಬರೂದಿಲ್ಲ ಅಂತ ಹೇಳು."

ಅಪ್ಪ ನನ್ನನ್ನು ದಿಟ್ಟಿಸಿದರು. "ಏನೂ ಹೇಳಬ್ಯಾಡ. ಸುಮ್ನಿರು."

"ಇದ್ದದ್ದು ಇದ್ದಂಗ ಹೇಳವ್ವಾ. ಆ ಬಿಸಲಾಗ ಇರಾಕಿ ಆಕಿ, ನಾವಲ್ಲ."

ಹಾಲು ಉಕ್ಕಿ ಸೀದ ವಾಸನೆ ಬಂತು. ಯಾರೂ ಒಲೆಯ ಕಡೆ ಹೋಗಲಿಲ್ಲ. ನಾನು ಹೇಳಿಬಿಟ್ಟೆ. ಆಕೆ ಅಮ್ಮನ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು. ಅವರು ಮತ್ತೆ ಬರಲಿಲ್ಲ. ಅಪ್ಪ ಸಂಜೆಯ ರೈಲಿಗೆ ಹೊರಟಾಗ ಬಾಗಿಲಲ್ಲಿ, "ಇನ್ನ ನೀವು ಇಲ್ಲೇ ಇರ್ರಿ," ಎಂದರು. ಅದಾದ ಮೇಲೆ ಎಷ್ಟೋ ಭಾನುವಾರ ಅಪ್ಪ ಬರಲೇ ಇಲ್ಲ.

ಮಳೆ ಹಿಡಿದ ಮೇಲೆ ಮನೆ ಹೋಯಿತು, ಅಪ್ಪ ಅಂದುಕೊಂಡಿದ್ದಕ್ಕಿಂತ ಕಡಿಮೆಗೆ. ಕೊಂಡವರು ಕೋಚಿಂಗ್ ಹುಡುಗರಿಗೆ ಹಾಸ್ಟೆಲ್ ನಡೆಸುವವರು. ಫೋನಿನಲ್ಲಿ ಮಾತಾಡುತ್ತಲೇ ನಡುಮನೆಯಲ್ಲಿ ನಿಂತು, ಎಷ್ಟು ಮಂಚ ಹಿಡಿಯುತ್ತವೆಂದು ಕಣ್ಣಲ್ಲೇ ಅಳೆದು ಹೋದರು. ಅಮ್ಮ ಸೆರಗು ಸರಿಮಾಡಿಕೊಂಡು, ಬಿಸಿಲು, ಉಪ್ಪುನೀರು ಎಲ್ಲ ಹೇಳಲು ಸಿದ್ಧವಾಗಿ ನಿಂತಿದ್ದಳು. ಅವರು ಏನೂ ಕೇಳಲಿಲ್ಲ.

ವಿಜಯವಾಡದಲ್ಲಿ ಅಮ್ಮ ತೆಲುಗು ಕಲಿತಳು. ಜೊತೆಗೆ ಅಲ್ಲಿಯ ಮರ್ಯಾದೆಯೂ ಬಂತು. ಪಕ್ಕದ ಮನೆಯವರ ಆವಕಾಯಿ ನಾಲಿಗೆ ಸುಟ್ಟರೂ "ಚಾಲಾ ಬಾಗುಂದಂಡಿ", ಬಹಳ ಚೆನ್ನಾಗಿದೆ ಅನ್ನುತ್ತಿದ್ದಳು. ಅಪ್ಪ ನಿರಾಳವಾದರು, ಮನೆಯಲ್ಲಿ ಜಗಳ ಕಡಿಮೆಯಾಯಿತು. ಆ ಬೇಸಿಗೆಯ ಅಮ್ಮ ನನಗೆ ಮತ್ತೆ ಹೆಚ್ಚಾಗಿ ಸಿಗಲಿಲ್ಲ.

ನನ್ನ ಮದುವೆ ಗೊತ್ತಾಗುವ ಮುಂಚೆ, ಹುಡುಗ ಹೇಗನ್ನಿಸಿದ ಎಂದು ಅವಳನ್ನು ಕೇಳಿದೆ. "ಚಲೋ ಅದಾನ ತಗೋ," ಎಂದಳು. ಅದು ನಿಜವೋ, ಮರ್ಯಾದೆಯೋ, ನನಗೆ ಇಂದಿಗೂ ತಿಳಿದಿಲ್ಲ.