ಪೆಂಡಿಂಗ್ ಬಿದ್ದ ಸುನಂದಾಳ ಲೆಕ್ಕ

ಕುಬಸದ ಮನೆಯಲ್ಲಿ ಆರತಿ ತಟ್ಟೆ ಒಂದು ಕೈಯಲ್ಲಿ, ಮೊಬೈಲ್ ಇನ್ನೊಂದು ಕೈಯಲ್ಲಿ ಹಿಡಿದು ನಿಂತವರನ್ನು ಎಂದಾದರೂ ಕಂಡಿದ್ದೀರಾ? ನಾನು ಕಂಡೆ. ಆಕೆ ನನ್ನ ಹೆಂಡತಿ.

ಸುನಂದಾ ಅಥಣಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಮಗಳು ಹೈಸ್ಕೂಲ್ ಸೇರಿದ ಮೇಲೆ ತಾನೂ ಪಿಎಚ್.ಡಿ.ಗೆ ಕೂತಳು (ಇಬ್ಬರಿಗೂ ಒಂದೇ ಟೇಬಲ್, ದಿನಾ ಜಗಳ). ಅವಳ ಲೆಕ್ಕಗಳು ಮನೆಯ ಲ್ಯಾಪ್‌ಟಾಪಿಗೆ ಬಗ್ಗುವಂಥವಲ್ಲ. ದೂರದ ವಿಶ್ವವಿದ್ಯಾಲಯದಲ್ಲಿ ಸಾಲುಸಾಲು ಕಂಪ್ಯೂಟರ್ ಜೋಡಿಸಿದ ಕ್ಲಸ್ಟರ್ ಇದೆ. ಎಲ್ಲರೂ ಅದಕ್ಕೇ ಲೆಕ್ಕ ಕಳಿಸಿ ಪಾಳಿ ಕಾಯಬೇಕು.

ಸೋಮವಾರ ಗೈಡ್ ಮುಂದೆ ಕೊನೆಯ ಫಲಿತಾಂಶ ಇಡಬೇಕಿತ್ತು. ಶನಿವಾರ ಉಗಾರ ಬುದ್ರುಕದಲ್ಲಿ ಬಸುರಿಯಾದ ನನ್ನ ತಂಗಿಯ ಕುಬಸ, ಅಂದರೆ ಸೀಮಂತ. ಕ್ಲಸ್ಟರಿಗೆ ಕಳಿಸಿದ ಲೆಕ್ಕದ ಸ್ಟೇಟಸ್ ಮಾತ್ರ ಇನ್ನೂ ಪೆಂಡಿಂಗ್!

ಅವ್ವ ನೋಡಿಯೇ ಬಿಟ್ಟಳು.

"ಏನವಾ ಸುನಂದಾ, ಆವಾಗಿಂದ ಅದನ್ನ ನೋಡಾಕತ್ತಿ?"

"ನನ್ನ ಲೆಕ್ಕದ ಪಾಳಿ ಬರವಲ್ದ್ರಿ ಅತ್ತಿ. ಮುಂದ ಒಬ್ಬಾವನ ಲೆಕ್ಕ ರಾಶಿ ಅದಾವ."

"ಯಾರವಾ ಅಂವ?"

"ಗೊತ್ತಿಲ್ರಿ. ಬರೇ ಹೆಸರ ಕಾಣ್ತೈತಿ."

"ಹೆಸರ ಐತೆಲ್ಲ, ಕೇಳಿ ನೋಡ. ಬೈದ್ರ ಬೈಲಿ."

ಸುನಂದಾಳಿಗೆ ಸಂಕೋಚ. ಗುರುತಿಲ್ಲದವನಿಗೆ ಏನೆಂದು ಬರೆಯುವುದು? ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕಡೆಗೆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆ ಹೆಸರಿನ ವಿಳಾಸ ಹುಡುಕಿ, ಕಣ್ಣು ಮುಚ್ಚಿ ಮೇಲ್ ಕಳಿಸಿಯೇ ಬಿಟ್ಟಳು.

ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ಉತ್ತರ ಬಂತು. "ಸಾರಿ ಮೇಡಂ, ಅವೆಲ್ಲ ನನ್ನ ಟ್ರಯಲ್ ಲೆಕ್ಕಗಳು. ಅವಸರವೇನಿಲ್ಲ. ತಡೆಹಿಡಿದಿದ್ದೇನೆ. ಆಲ್ ದ ಬೆಸ್ಟ್."

ಸ್ವಲ್ಪ ಹೊತ್ತಿಗೇ ಸ್ಟೇಟಸ್ ಬದಲಾಯಿತು. ರನ್ನಿಂಗ್! ಸುನಂದಾ ಚೀರಿದ ರಭಸಕ್ಕೆ ಅಡುಗೆಮನೆಯಿಂದ ಹೆಂಗಸರೆಲ್ಲ ಓಡಿ ಬಂದರು. ತಂಗಿಗೆ ನೋವು ಶುರುವಾಯಿತೆಂದೇ ಎಲ್ಲರ ಗಾಬರಿ.

"ನನಗೇನೂ ಆಗಿಲ್ರಿ," ಎಂದಳು ತಂಗಿ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ ಅತ್ತಿಗೆಯತ್ತ ಕೈ ತೋರಿಸುತ್ತ. "ವೈನಿಗೇ ಏನೋ ಆಗೇತಿ!"

ವಿಷಯ ತಿಳಿದ ಮೇಲೆ ನಗುವೋ ನಗು. ಅತ್ತೆ-ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಹೋಳಿಗೆ ತಿನ್ನಿಸಿದರು (ಈ ಅಪರೂಪದ ಫೋಟೋ ನನ್ನ ಬಳಿ ಭದ್ರವಾಗಿದೆ).

ಭಾನುವಾರ ಸಂಜೆ ಲೆಕ್ಕ ಮುಗಿಯಿತು. ಉತ್ತರ ಅವಳು ಅಂದುಕೊಂಡಂತೆಯೇ ಬಂದಿತ್ತು. ಸೋಮವಾರ ಗೈಡ್ ಕಾಗದಗಳನ್ನು ತಿರುವಿ ಹಾಕಿ, "ಇನ್ನ ಥೀಸಿಸ್ ಬರ್ಯಾಕ ಕೂಡ್ರಿ" ಅಂದರಂತೆ. ಅವಳು ಫೋನಿನಲ್ಲಿ ಇದನ್ನು ಮೊದಲು ಹೇಳಿದ್ದು ನನಗಲ್ಲ, ಅವ್ವನಿಗೆ.

ಮುಂದಿರುವವರನ್ನು ಒಮ್ಮೆಯೂ ಕೇಳದೆ, ಬರೇ ಬೈದುಕೊಳ್ಳುತ್ತ ನಾವು ನಿಂತಿರುವ ಪಾಳಿಗಳು ಇನ್ನೆಷ್ಟಿವೆ ಹೇಳಿ?